ಮೂಲೆಯ ಫರ್ಸಿ ಮತ್ತು ನನ್ನ ಪ್ರಾಮಾಣಿಕತೆ

ನನ್ನನ್ನು ಪ್ರಾಮಾಣಿಕ ಎಂಜಿನಿಯರ್ ಎಂದು ಸೇಡಂ ಕಡೆ ನಾಲ್ಕು ಜನ ಹೊಗಳುತ್ತಾರೆ. ಅವರಾರೂ ನನ್ನ ಜೊತೆ ಒಂದೇ ಮನೆಯಲ್ಲಿ ಬಾಳಿದವರಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ವಾಡಿ ಸ್ಟೇಷನ್ನಿನಿಂದ ವಾಪಸು ಬಂದವನು ನಾನು. ಬೀಗ ಹಾಕಿತ್ತು; ರೈಲು ಹೋಗಿತ್ತು. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿಸಿದರು. ಎಲ್ಲಿ ನಿಲ್ಲಿಸಬೇಕೆಂದು ಕಲಿಸುವ ಮೊದಲೇ ಪದವಿ ಕೊಟ್ಟು ಕಳಿಸಿಬಿಟ್ಟರು.

ಮೊನ್ನೆ ಕುರಕುಂಟಾ ಕಡೆಯ ಒಂದು ಶಾಲೆಯ ವರಾಂಡಕ್ಕೆ ಶಹಾಬಾದ್ ಫರ್ಸಿ, ಅಂದರೆ ನೆಲಹಾಸು ಕಲ್ಲು, ಹಾಸಿದ್ದರು. ನಮ್ಮಲ್ಲಿ ಫರ್ಸಿಯನ್ನು ಕಣ್ಣಿಂದ ನೋಡುವುದಿಲ್ಲ, ಕಿವಿಯಿಂದ ನೋಡುತ್ತೇವೆ. ಮೊಣಕಾಲೂರಿ ಸಣ್ಣ ಸುತ್ತಿಗೆಯಿಂದ ಬಡಿದರೆ ಗಟ್ಟಿಯಾಗಿ ಕೂತದ್ದು ‘ಟಣ್’ ಅನ್ನುತ್ತದೆ, ಕೆಳಗೆ ಪೊಳ್ಳಿದ್ದರೆ ‘ಬದ್’ ಅನ್ನುತ್ತದೆ. ‘ಬದ್’ ಅಂದ ಕಲ್ಲು ಇಂದಲ್ಲ ನಾಳೆ ಮಕ್ಕಳ ಕಾಲ ಕೆಳಗೆ ಒಡೆಯುವುದು ಖಚಿತ.

“ಸಾಹೇಬ್ರ, ನಿನ್ನಿ ಎಲ್ಲಾ ಬಡದ್ ನೋಡೀರಲ್ಲ, ಸಹಿ ಮಾಡ್ರಿ. ನಾಳಿ ಉದ್ಘಾಟನಾ ಅದ,” ಎಂದ ಗುತ್ತಿಗೆದಾರ, ಪೆನ್ನಿನ ಮುಚ್ಚಳ ತೆಗೆದು ಕೈಗೇ ಕೊಟ್ಟು.

ಬಡಿದಿದ್ದೆನೇ? ಮೊಣಕಾಲು ನೋಯುತ್ತಿದ್ದುದು ನಿಜ. ಆದರೆ ಆ ನೋವು ಈ ಶಾಲೆಯದೋ, ಅದಕ್ಕೂ ಮೊದಲು ಬಡಿದ ಚಿತ್ತಾಪುರದ ಶಾಲೆಯದೋ? ಚಹಾ ಕುಡಿದದ್ದು, ಬಸ್ಸು ಬಂತೆಂದು ಓಡಿದ್ದು ನೆನಪಿದೆ. ಸುತ್ತಿಗೆ ನೆನಪಿಲ್ಲ.

“ಇನ್ನೊಮ್ಮೆ ಬಡೀತೀನಿ,” ಎಂದೆ.

ಫರ್ಸಿ ಹಾಸಿದ್ದ ಖಾಜಾ ಮಿಸ್ತ್ರಿ ನಕ್ಕ. “ಯಾಕ್ರಿ ಸಾಹೇಬ್ರ, ನಮ್ಮ ಮ್ಯಾಲ ಭರೋಸಾ ಇಲ್ಲೇನ್ರಿ?”

“ನಿನ್ನ ಮ್ಯಾಲ ಅದ. ನನ್ನ ಮ್ಯಾಲೇ ಇಲ್ಲ.”

“ಹಂಗಾದ್ರ ಬಡೀರಿ. ಫರ್ಸಿಗೇನು ಬ್ಯಾಸರಿಲ್ಲ, ನಿಮ್ಮ ಮೊಣಕಾಲಿಗೇ ತ್ರಾಸು!”

ಟಣ್, ಟಣ್, ಟಣ್. ಗುತ್ತಿಗೆದಾರ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಒಂದನೇ ತರಗತಿ ಮಕ್ಕಳು ಕುಣಿಯುವ ಮೂಲೆಗೆ ಬಂದಾಗ: ಬದ್. ಮಿಸ್ತ್ರಿ ತಲೆ ಕೆರೆದುಕೊಂಡ. “ಈ ಮೂಲಿಗೆ ಬರೂದ್ರಾಗ ಮಾಲ್ ತೀರಿತ್ರಿ.” ಸುತ್ತ ನಾಲ್ಕು ದಿಕ್ಕಿಗೂ ಸಿಮೆಂಟ್ ಕಾರ್ಖಾನೆಯ ಚಿಮಣಿಗಳಿರುವ ಸೀಮೆಯಲ್ಲಿ ಒಂದು ಬುಟ್ಟಿ ಸಿಮೆಂಟಿಗೆ ಬಡತನ! ಕಲ್ಲು ಕೀಳಿಸಿದೆ, ಮತ್ತೆ ಹಾಕಿಸಿದೆ, ಆಮೇಲೇ ಸಹಿ.

ಮರುದಿನ ಆ ಹಸಿ ಮೂಲೆಗೆ ಯಾರೂ ಕಾಲಿಡದಂತೆ ಬೆಂಚು ಅಡ್ಡವಿಟ್ಟು ಉದ್ಘಾಟನೆ ನಡೆಯಿತು. ಹೆಡ್ ಮೇಡಂ ಮೈಕಿನಲ್ಲಿ, “ಎರಡೆರಡು ಸಲ ಬಡಿದು ನೋಡುವ ಇಂಥ ಅಧಿಕಾರಿಗಳು ಅಪರೂಪ,” ಎಂದರು. ಶಾಲು ಹೊದಿಸಿದರು. ಆ ಬಿಸಿಲಲ್ಲಿ ಶಾಲಿನೊಳಗೆ ಬೆವರುತ್ತಾ, ನಾನು ನಿಜಕ್ಕೂ ಅಪರೂಪದವನೇ ಇರಬೇಕೆಂದು ಮೊದಲ ಬಾರಿಗೆ ಅನುಮಾನವಿಲ್ಲದೆ ನಂಬಿದೆ.

ಮನೆಗೆ ಬಂದು ಅಂಗಿ ಬದಲಿಸುವಾಗ ಎರಡು ದಿನದ ಹಿಂದೆ ತೊಟ್ಟಿದ್ದ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ನನ್ನದೇ ಅಕ್ಷರ: “ವರಾಂಡ ಪೂರ್ತಿ ಬಡಿದೆ. ಮೂಲೆಯದು ಬದ್. ಮಿಸ್ತ್ರಿಗೆ ಮರೆಯದೆ ಹೇಳಬೇಕು.”

ಹೆಂಡತಿ ಓದಿ, “ಶಾಲು ವಾಪಸ್ ಕೊಡ್ತೀರೇನ್ರಿ ಮತ್ತ?” ಎಂದಳು.

ಶಾಲು ಇರಲಿ, ಚೀಟಿಯನ್ನಾದರೂ ಹೆಡ್ ಮೇಡಂಗೆ ತೋರಿಸಿ ನಿಜ ಹೇಳಲೇಬೇಕೆಂದು ಅಂದೇ ನಿರ್ಧರಿಸಿ ಅದನ್ನು ಭದ್ರವಾಗಿ ಎತ್ತಿಟ್ಟೆ. ಎಲ್ಲಿ ಎಂಬುದು ಮಾತ್ರ ನೆನಪಾಗುತ್ತಿಲ್ಲ. ಶಾಲು ಎಲ್ಲಿದೆ ಎಂಬುದು ಚೆನ್ನಾಗಿ ನೆನಪಿದೆ.