ನಾನು ಸತ್ತೆದ್ದ ಸೋಮವಾರ

ಕಟ್ಟಿಕೊಂಡ ಹೆಂಡತಿಯ ಪ್ರೀತಿಯನ್ನು ಹೊಸದಾಗಿ ಗೆದ್ದೇ ತೀರುತ್ತೇನೆ ಎಂದು ನಾನು ಭೀಷ್ಮಪ್ರತಿಜ್ಞೆ ಮಾಡಿದ್ದು ಹರಪನಹಳ್ಳಿಯ ಟಾಕೀಸಿನಲ್ಲಿ, ಕೊನೆಯ ಹಿಡಿ ಮಂಡಕ್ಕಿ ಮೆಲ್ಲುತ್ತ!

ಕಾರಣ, ಆ ಸಿನಿಮಾ. ಮದುವೆಯಾದ ಹೊಸತರಲ್ಲೇ ನಾಯಕ ಸಾಯುತ್ತಾನೆ. ಯಮಲೋಕದ ಗುಮಾಸ್ತ 'ಕ್ಷಮಿಸಿ, ಹೆಸರು ತಪ್ಪಾಯಿತು' ಎಂದು ಇನ್ನೊಂದು ಆಯುಷ್ಯ ಕೊಟ್ಟು ಕಳಿಸುತ್ತಾನೆ. ತಿರುಗಿ ಬಂದವನನ್ನು ಹೆಂಡತಿ ಓಡೋಡಿ ಬಂದು ಅಪ್ಪುತ್ತಾಳೆ. ಪಕ್ಕದ ಸೀಟಿನಲ್ಲಿ ನನ್ನ ಸುಕನ್ಯಾ ಸೆರಗು ತೊಯ್ಯುವಂತೆ ಅತ್ತಳು! ಇಪ್ಪತ್ತೆರಡು ವರ್ಷದಲ್ಲಿ ನನಗಾಗಿ ಒಂದು ಹನಿ ಉದುರಿಸದವಳು!

ಕೊಟ್ಟೂರಿಗೆ ಮರಳುವ ಬಸ್ಸಿನಲ್ಲಿ ಕೇಳಿದೆ: "ನಾನು ಸತ್ರೂ ಹಿಂಗ ಅಳ್ತೀಯೇನು?"

"ಮೊದ್ಲ ಸಾಯ್ರಿ, ಆಮ್ಯಾಲ ನೋಡೂಣು."

ಸವಾಲು! ಮರುದಿನ ಬೆಳಗ್ಗೆಯೇ ಸತ್ತೆ. ಯೋಜನೆ ಸರಳ: ಮಂಚದ ಮೇಲೆ ಹೆಣವಾಗುವುದು, ಅವಳು ಅತ್ತೊಡನೆ ಕಣ್ಣು ತೆರೆಯುವುದು, ಅಪ್ಪುಗೆ, ಶುಭಂ!

"ರೀ, ಚಾ ಆರ್ತೈತಿ."

ನಾನು ಹೆಣ.

"ರೀ!"

ಮಹಾಹೆಣ! ಅವಳು ಮೂಗಿನ ಬಳಿ ಕೈ ಹಿಡಿದಳು. ನಾನು ಉಸಿರು ಬಿಗಿಹಿಡಿದೆ. ಇನ್ನೇನು ಅಳು ಬಂತು ಎನ್ನುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ನಾಗಲಿಂಗಮ್ಮ ಬಂದಳು, ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು.

"ಅಯ್ಯಯ್ಯೋ, ಗುರುಶಾಂತಪ್ಪ ಶಿವನ ಪಾದ ಸೇರ್ಯಾನಲ್ರೋ!"

ಆ ದನಿ ಹರಪನಹಳ್ಳಿಗೂ ಮುಟ್ಟಿರಬೇಕು! ಕ್ಷಣದಲ್ಲಿ ಓಣಿಗೆ ಓಣಿಯೇ ಮನೆಯಲ್ಲಿ ತುಂಬಿತು. ಈಗ ಎದ್ದರೆ ಮಾನ ಹೋಗುತ್ತದೆ, ಮಲಗಿದ್ದರೆ ಪ್ರಾಣ ಹೋಗುತ್ತದೆ!

"ಮೈ ಸೆಟಿಯೋದ್ರೊಳಗ ಕೂಡಸ್ರಿ," ಎಂದಳು ನಾಗಲಿಂಗಮ್ಮ. ನಮ್ಮಲ್ಲಿ ಹೆಣವನ್ನು ಕೂರಿಸುವ ಪದ್ಧತಿ. ನಾಲ್ವರು ಎತ್ತಿ ಗೋಡೆಗೆ ಒರಗಿಸಿದರು.

"ಪಾಪ, ಜೀವ ಇದ್ದಾಗ ಹಿಂಗ ನೆಟ್ಟಗ ಕುಂತಿದ್ದೇ ಇಲ್ಲ," ಎಂದರು ಯಾರೋ.

ಆಗ ಸುಕನ್ಯಾ ನನ್ನ ಕಿವಿಯ ಹತ್ತಿರ ಬಾಗಿದಳು. ಅಳುವಳೇ? "ಕಾಲಿನ ಹೆಬ್ಬೆರಳು ಆಡ್ಸಬ್ಯಾಡ್ರಿ, ಜನ ನೋಡ್ತಾರ," ಎಂದು ಪಿಸುಗುಟ್ಟಿದಳು! ಆಮೇಲೆ ಎಲ್ಲರಿಗೂ ಕೇಳುವಂತೆ, "ಮಲ್ಲಿಗಿ ಬೆಳಿಯೋ ಹಡಗಲಿಗೆ ಹೋದಾಗೂ ನನಗ ಒಂದ್ ಮೊಳ ಹೂ ತರಲಿಲ್ಲ. ಹೋಗ್ಲಿ, ಅವ್ರಿಗೆ ವಿಭೂತಿ ಧಾರಾಳ ಹಚ್ರಿ ನಾಗಲಿಂಗಕ್ಕ. ಮೂಗಿಗೂ!"

ನಾಗಲಿಂಗಮ್ಮ ಹಿಡಿ ತುಂಬ ಪುಡಿ ತೆಗೆದು ಮುಖಕ್ಕೆ ಬಳಿದಳು.

ಆಕ್ಷೀ!

ಹೆಣ ಸೀನಿತು! ಓಣಿ ಓಡಿತು! ಎಲ್ಲರಿಗಿಂತ ಮುಂದೆ ನಾಗಲಿಂಗಮ್ಮ!

ಉಳಿದವರು ನಾವಿಬ್ಬರೇ. ವಿಭೂತಿ ಕೊಡವಿ, ಸಿನಿಮಾದ ನಾಯಕನಂತೆ ತೋಳು ಚಾಚಿದೆ. "ಸುಕನ್ಯಾ, ನನಗ ಎರಡನೇ ಜನ್ಮ ಸಿಕ್ಕೈತಿ!"

"ನನಗೂ ಸಿಕ್ಕೈತ್ರಿ. ಗಂಡ ಸತ್ತ ಅಂತ ಓಣಿಗೆಲ್ಲ ಗೊತ್ತಾತು. ಹಳೇ ಲಗ್ನ ಮುಗೀತು."

"ಹಂಗಾದ್ರ ಮತ್ತ ಲಗ್ನ ಆಗೂಣು!"

ಅವಳು ಸೊಂಟಕ್ಕೆ ಕೈಯಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ನೋಟ ಹೊಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ತಮಾಷೆಯೆಂದು ಗೊತ್ತಿದ್ದರೂ ಹೊಟ್ಟೆಯನ್ನು ಒಳಗೆಳೆದುಕೊಂಡೆ. ನಿಜಕ್ಕೂ ಬೇಡ ಎಂದುಬಿಟ್ಟರೆ?

"ವಿಚಾರ ಮಾಡಿ ಫೋನ್ ಮಾಡ್ತೀನ್ರಿ," ಎಂದವಳೇ ಒಳಗೆ ಹೋದಳು.

ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಇವತ್ತಿಗೆ ಎಂಟು ದಿನ. ಇನ್ನೂ ಫೋನು ಬಂದಿಲ್ಲ!