ಮಾವನ ಅಂಗಡಿಯ ಹೆಬ್ಬೆಟ್ಟು ಪರೀಕ್ಷೆ

ಹೊಳೆನರಸೀಪುರದಲ್ಲಿ ಗಿರಾಕಿ ಬಂದರೂ ಔಷಧಿ ಕೊಡದೆ ಔಷಧಿ ಅಂಗಡಿ ನಡೆಸುವ ಏಕೈಕ ಮಹಾನುಭಾವರು ನಮ್ಮ ಸೋದರಮಾವ! ಅಲ್ಲಿ ಒಂದು ಶೀತದ ಮಾತ್ರೆ ಸಿಗಬೇಕಾದರೂ ಮೊದಲು ನಿಮ್ಮ ಹೃದಯ ಪರೀಕ್ಷೆಯಲ್ಲಿ ಪಾಸಾಗಬೇಕು. ಎದುರಿನ ಔಷಧಿ ಅಂಗಡಿಯವರು ದಿನಾ ಬೆಳಿಗ್ಗೆ ನಮ್ಮ ಮಾವನ ಹೆಸರು ಹೇಳಿಯೇ ದೀಪ ಹಚ್ಚುತ್ತಾರಂತೆ.

ಎಲ್ಲಕ್ಕೂ ಕಾರಣ ಬೆಂಕಿಪೊಟ್ಟಣದಷ್ಟಿರುವ ಒಂದು ಯಂತ್ರ. ಅದರ ಮೇಲೆ ಎರಡೂ ಹೆಬ್ಬೆಟ್ಟು ಇಟ್ಟು ಅರ್ಧ ನಿಮಿಷ ಅಲ್ಲಾಡದೆ ಕೂತರೆ ಎದೆಬಡಿತದ ಗೆರೆ ಮಾವನ ಫೋನಿನಲ್ಲಿ ಮೂಡುತ್ತದೆ. ಬಡಿತ ತಾಳ ತಪ್ಪಿದ್ದರೆ ಡಾಕ್ಟರಿಗೆ ಚೀಟಿ. ವಯಸ್ಸಾದವರಿಗೆ ಮಾಡಿ ಎಂದು ಯಂತ್ರ ಕೊಟ್ಟವರು ತರಬೇತಿಯಲ್ಲಿ ಹೇಳಿದ್ದರಂತೆ. ಮಾವನ ಕಣ್ಣಿಗೆ ಊರಲ್ಲಿ ವಯಸ್ಸಾಗದವರೇ ಇಲ್ಲ! ಸೊಳ್ಳೆಬತ್ತಿಗೆ ಬಂದವರನ್ನೂ ಸ್ಟೂಲಿನ ಮೇಲೆ ಕೂರಿಸಿ, “ಉಸುರಾಡಿ, ಮಾತಾಡ್ಬ್ಯಾಡಿ” ಎಂದು ಗದರುತ್ತಾರೆ. ಮಾತಾಡದೆ ಅರ್ಧ ನಿಮಿಷ! ನಮ್ಮೂರಿನವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಒಮ್ಮೆ ಹಳೇಕೋಟೆಯ ರೈತರೊಬ್ಬರು ಅಣ್ಣನ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ ಹಿಡಿದು ಬಂದರು.

“ಮಾತ್ರೆ ನುಂಗೋರು ಬರ್ಲಿ” ಎಂದರು ಮಾವ.

“ಅಣ್ಣ ತ್ವಾಟದಲ್ಲವ್ನೆ ಸಾ. ನಾನೇ ಒತ್ಬುಟ್ಟು ಓಯ್ತೀನಿ. ನಮ್ದು ಒಂದೇ ಕಾರ್ಡು, ರೇಷನ್‌ಗೂ ನಂದೇ ಎಬ್ಬೆಟ್ಟು!”

“ಅಂಗಾದ್ರೆ ಅವನ ಮಾತ್ರೆನೂ ನೀನೇ ನುಂಗ್ಲಾ!”

ಮರುದಿನ ಅಣ್ಣನೇ ಗೊಣಗುತ್ತ ಬಂದು ಸ್ಟೂಲಿನ ಮೇಲೆ ಕೂತರು.

ಅಕ್ಕನ ಮಗ ಎಂದು ನನಗೇನಾದರೂ ರಿಯಾಯಿತಿ ಸಿಕ್ಕಿತೇ? ಅಮ್ಮನ ಮಾತ್ರೆ ಕೇಳಿದರೆ, “ಅಕ್ಕನ್ನ ಕರ್ಕಂಬಾ” ಎಂದರು. ಅಮ್ಮನೋ, “ಅವನ ಮೂಗು ಒರಸಿ ಬೆಳೆಸ್ದೋಳು ನಾನು. ಅವನ ಮುಂದೆ ಎಬ್ಬೆಟ್ಟು ಒತ್ಲಾ?” ಎಂದು ಹಟ ಹಿಡಿದಳು. ಸರಿ, ನಾನೂ ಹಳೇಕೋಟೆಯವರ ದಾರಿಯನ್ನೇ ಹಿಡಿದೆ.

“ಒಂದೇ ಕಾರ್ಡು ಮಾವ, ನಂದೇ ತಗೊಳ್ಳಿ” ಎಂದು ಹಲ್ಲು ಕಿರಿಯುತ್ತ ಹೆಬ್ಬೆಟ್ಟು ಇಟ್ಟೆ.

ಮಾವ ನಗಲಿಲ್ಲ. ಇನ್ನೊಮ್ಮೆ ಇಡಿಸಿದರು. ಆಮೇಲೆ ಗೋಡೆ ಗಡಿಯಾರ ನೋಡುತ್ತ ನನ್ನ ಮಣಿಕಟ್ಟು ಹಿಡಿದರು.

“ಎದೆ ಡವಗುಟ್ತದಾ? ಸುಸ್ತಾಯ್ತದಾ?”

“ಆಗಾಗ. ಐವತ್ತೆಂಟಾಯ್ತಲ್ಲ ಮಾವ.”

ಹಬ್ಬಕ್ಕೂ ಮುಚ್ಚದ ಅಂಗಡಿಯ ಷಟರ್ ಹಾಡಹಗಲೇ ಇಳಿಯಿತು. ಹಾಸನದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾವ ನನ್ನ ಕೈ ಬಿಡಲಿಲ್ಲ. “ಜನ ನೋಡ್ತಾರೆ” ಎಂದೆ. “ನೋಡ್ಲಿ ಬುಡು” ಎಂದರು.

ಹಾಸನದ ಡಾಕ್ಟರು ಇಸಿಜಿ ತೆಗೆಸಿ, ಬಡಿತ ತಪ್ಪಿರುವುದು ಹೌದೆಂದರು. ಹೀಗೇ ಬಿಟ್ಟಿದ್ದರೆ ಎದೆಯೊಳಗೆ ರಕ್ತ ಹೆಪ್ಪುಗಟ್ಟಿ, ಅದು ತಲೆಗೆ ಹೋಗಿ ಲಕ್ವ ಹೊಡೆಯಬಹುದಿತ್ತಂತೆ. ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು ಎಂದು ಮಾತ್ರೆ ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ನಮ್ಮಪ್ಪಂಗೂ ಲಕ್ವನೇ ಒಡ್ದಿದ್ದು ಕಣ್ಲಾ. ಅಷ್ಟು ವರ್ಸ ನಾನೇ ಮಾತ್ರೆ ಕೊಟ್ಟೆ. ಒಂದಿನಾನೂ ಕೈ ಇಡ್ದು ನೋಡ್ಲಿಲ್ಲ.”

ಇಂಥವರನ್ನು ಊರೆಲ್ಲ ಗೇಲಿ ಮಾಡಿಕೊಂಡು ತಿರುಗಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಮರುದಿನ ಯಾರೂ ಕರೆಯದೆಯೇ ಅಮ್ಮ ನನ್ನ ಜೊತೆ ಬಂದು ಹೆಬ್ಬೆಟ್ಟು ಇಟ್ಟಳು. ಅವಳ ಗೆರೆ ಸರಿಯಾಗಿತ್ತು. ಎದ್ದವಳೇ ಸ್ಟೂಲನ್ನು ಮಾವನತ್ತ ತಳ್ಳಿದಳು.

“ಈಗ ನೀ ಕೂತ್ಕ. ನಿಂದ್ಯಾರ್ಲಾ ನೋಡವ್ರೆ?”

ಯಾರೂ ನೋಡಿರಲಿಲ್ಲ. ಮಾವ ಸುಮ್ಮನೆ ಕೂತು ಹೆಬ್ಬೆಟ್ಟು ಇಟ್ಟರು. ಅಮ್ಮ ತಮ್ಮನ ತಲೆಯ ಮೇಲೆ ಕೈಯಿಟ್ಟು ನಿಂತಳು. ಅರ್ಧ ನಿಮಿಷ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.