ಅತ್ತೆಯ ವರದಿಯಲ್ಲಿ ಚಪಾತಿ

ನಮ್ಮ ಅತ್ತೆಯವರ ಬಗ್ಗೆ ನ್ಯೂಜಿಲೆಂಡಿನ ಪೊಲೀಸರು ವಿಚಾರಣೆ ನಡೆಸಿದ್ದಾರೆ! ಗಾಬರಿಯಾಗಬೇಡಿ. ಹೆತ್ತವರಿಂದ ಪೆಟ್ಟು ತಿಂದೋ, ಅನಾದರಕ್ಕೆ ಸಿಕ್ಕೋ ಬೇರೆಯವರ ಮನೆ ಸೇರಿದ ಮಕ್ಕಳ ಜೊತೆ ಸಂಬಳವಿಲ್ಲದೆ ಕಾಲ ಕಳೆದು, ಕಂಡದ್ದನ್ನು ಮಗುವಿನ ವಕೀಲರಿಗೆ ಬರೆದುಕೊಡುವವರಿಗೆ ಈ ತಪಾಸಣೆ ಕಡ್ಡಾಯ; ಅತ್ತೆ ಆ ಕೆಲಸಕ್ಕೆ ಸೇರಿದ್ದರು. 'ಇವರ ಮೇಲೆ ಯಾವ ದೂರೂ ಇಲ್ಲ' ಎಂದು ಉತ್ತರ ಬಂತು. ನನ್ನನ್ನು ಕೇಳಿದ್ದರೆ ತಾನೆ!

ಅತ್ತೆ ಮೈಸೂರಿನ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿದ್ದವರು. ಹ್ಯಾಮಿಲ್ಟನ್ನಿಗೆ ಬಂದು ನಮ್ಮ ಜೊತೆ ನೆಲೆಸಿದ ಮೇಲೆ ಹೆದರಿಸಲು ಅವರಿಗೆ ಉಳಿದವನು ಅಳಿಯನಾದ ನಾನೊಬ್ಬನೇ. ಶನಿವಾರ ಕಾರು ಓಡಿಸುವುದು, ಅವರು ಕನ್ನಡದಲ್ಲಿ ಹೇಳಿದ ವರದಿಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ನನ್ನ ಪಾಲಿಗೆ ಬಂತು. ತಾವು ನೋಡಲು ಹೋಗುತ್ತಿದ್ದ ಮಗುವಿನ ಹೆಸರು ಮಾತ್ರ ಹೇಳುತ್ತಿರಲಿಲ್ಲ. "ಗುಟ್ಟು ಅಂದ್ರೆ ಗುಟ್ಟು, ಅಳಿಯಂದ್ರೇ!"

ಎಂಟು ವರ್ಷದ ಹುಡುಗಿ. ಯಾರು ಏನು ಕೇಳಿದರೂ "ಚೆನ್ನಾಗಿದೀನಿ" ಎಂದಷ್ಟೇ ಹೇಳುವವಳು. ನಾಲ್ಕು ವರ್ಷದ ತಮ್ಮ ದೂರದ ಪುಕೆಕೊಹೆ ಎಂಬ ಊರಿನಲ್ಲಿ ಇನ್ನೊಬ್ಬರ ಮನೆಯಲ್ಲಿದ್ದ. ಇಬ್ಬರನ್ನೂ ಒಂದೇ ಮನೆಯಲ್ಲಿಡಬೇಕೋ ಬೇಡವೋ ಎಂದು ಕೋರ್ಟು ತೀರ್ಮಾನಿಸಬೇಕಿತ್ತು.

ಇಂಥ ಗಂಭೀರ ವಿಷಯಕ್ಕೆ ಅತ್ತೆ ಹೇಳಿ ಬರೆಸಿದ್ದೇನು? "ಬರ್ಕೊಳ್ಳಿ. ಎರಡು ಚಪಾತಿ ಕೊಟ್ಟೆ. ಒಂದು ತಿಂದ್ಲು. ಇನ್ನೊಂದನ್ನ ಜೇಬಿಗೆ ಹಾಕ್ಕೊಂಡ್ಲು." ನಾಲ್ಕು ಶನಿವಾರವೂ ಇದೇ! ಓದಿದವರು ನಗುವುದಿಲ್ಲವೇ? ಕಂಪನಿಯಲ್ಲಿ ವರದಿ ಬರೆದು ನುರಿತ ನಾನು ಚಪಾತಿಯನ್ನೆಲ್ಲ ಸದ್ದಿಲ್ಲದೆ ಅಳಿಸಿ, 'ಆಹಾರ ಸೇವನೆ ತೃಪ್ತಿಕರ' ಎಂದು ಟೈಪ್ ಮಾಡಿದೆ. ಆಹಾ, ಎಂಥ ವಾಕ್ಯ! ಎರಡು ಸಲ ಓದಿಕೊಂಡು ಬೀಗಿದೆ.

ಮುದ್ರಿಸಿ ಕೊಟ್ಟ ಹಾಳೆ ಓದಿ ಅತ್ತೆ ಕನ್ನಡಕ ಏರಿಸಿದರು.

"ಎಲ್ಲಿ ನನ್ನ ಚಪಾತಿ?"

"ಅತ್ತೆ, ಅದು ಕೋರ್ಟು. ಅಡುಗೆಮನೆ ಅಲ್ಲ."

"ಜೇಬಿಗೆ ಹಾಕ್ಕೊಂಡಿದ್ದು ಯಾರಿಗೆ ಅಂತ ಕೇಳಿದ್ರಾ ನೀವು?"

"ಯಾರಿಗೆ?"

"ತಮ್ಮನಿಗಂತೆ. ಅವನು ಬರಲ್ಲ ಅಂತ ಗೊತ್ತು ಆ ಮಗೂಗೆ. ಆದ್ರೂ ಎತ್ತಿಡ್ತಾಳೆ."

ಅತ್ತೆ ಪೆನ್ನು ಹಿಡಿದು ನನ್ನ 'ತೃಪ್ತಿಕರ'ವನ್ನು ಅಡ್ಡಡ್ಡ ಹೊಡೆದುಹಾಕಿ, ಎಂಟು ಚಪಾತಿಗಳ ಕಥೆಯನ್ನೂ ತಮ್ಮದೇ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಕಾಗುಣಿತ ತಿದ್ದಿಕೊಡಲೇ ಎಂದೆ. ಹೆಡ್‌ಮಿಸ್ ನೋಟ ಬಿತ್ತು.

ಕೋರ್ಟಿನ ವಿಚಾರಣೆಯ ದಿನ ನಾವಿಬ್ಬರೂ ಹೊರಗಿನ ಬೆಂಚಿನಲ್ಲಿದ್ದೆವು. ಮಗುವಿನ ವಕೀಲರು ಬಂದು, ಅಕ್ಕ ತಮ್ಮ ಇನ್ನು ಒಂದೇ ಮನೆಯಲ್ಲಿ ಬೆಳೆಯಬೇಕೆಂದು ಆದೇಶವಾಗಿದೆ ಎಂದರು. ಕೈಬರಹದ ಭಾಗವನ್ನು ನ್ಯಾಯಾಧೀಶೆ ಎರಡು ಸಲ ಓದಿದರಂತೆ. ಟೈಪಾದ ಭಾಗದ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಮಕ್ಕಳು ಒಂದಾದ ಮೇಲಿನ ಮೊದಲ ಶನಿವಾರ ಅತ್ತೆ ನಾಲ್ಕು ಚಪಾತಿ ಕಟ್ಟಿಕೊಂಡು ಹೋದರು. ಮರಳಿ ಕಾರು ಹತ್ತಿ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಬರ್ಕೊಳ್ಳಿ, ಅಳಿಯಂದ್ರೇ. ತನ್ನ ಪಾಲಿನ ಎರಡನ್ನೂ ತಾನೇ ತಿಂದ್ಲು."

ನಾನು ಕಾರು ಹೊರಡಿಸದೆ ಅವರ ಕಡೆ ತಿರುಗಿದೆ.

"ಜೇಬು ನೋಡಿದ್ರಾ, ಅತ್ತೆ?"

"ನೋಡ್ದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಖಾಲಿ."